ನನ್ನ ಕೂದಲು ಯಾವ ಬಗೆಯದು ಅಂತ ತಿಳಿಯೋದು ಹೇಗೆ? ಅದಕ್ಕೆ ತಕ್ಕ ಶಾಂಪೂ, ಎಣ್ಣೆ ಆರಿಸೋದು ಹೇಗೆ?

ತಲೆ ತೊಳೆದ ಮರುದಿನವೇ ನೆತ್ತಿ ಜಿಡ್ಡಾಗುತ್ತೆ, ಆದರೆ ಜಡೆಯ ತುದಿ ಪೊರಕೆ ಥರ ಒಣಗಿರುತ್ತೆ ಎಂದು ಬರೆದಿದ್ದೀರಿ. ಆಯ್ಲಿ ಹೇರ್ ಶಾಂಪೂ ತಂದರೆ ತುದಿ ಇನ್ನೂ ಹಾಳು, ಡ್ರೈ ಹೇರ್ ಶಾಂಪೂ ತಂದರೆ ನೆತ್ತಿ ಅಂಟಂಟು. ಊರಿಂದ ಬೆಂಗಳೂರಿಗೆ ಬಂದ ಮೇಲಂತೂ ಕೂದಲು ಒರಟಾಗಿದೆ ಅಂತಲೂ ಹೇಳಿದ್ದೀರಿ. ಹಾಗಾದರೆ ನನ್ನದು ಯಾವ ಬಗೆ ಅನ್ನೋದು ನಿಮ್ಮ ಪ್ರಶ್ನೆ.

ನಿಮ್ಮದು ಜಿಡ್ಡು ನೆತ್ತಿ, ಒಣ ಕೂದಲು. ಎರಡೂ ಒಂದೇ ತಲೆಯಲ್ಲಿ ಇರಬಹುದು. ನಾನು ಶಿರಸಿಯಲ್ಲಿ ಪಾರ್ಲರ್ ನಡೆಸುತ್ತೇನೆ, ಮೊದಲು ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದೆ. ಎರಡೂ ಕಡೆ ನಿಮ್ಮಂಥ ತಲೆಗಳನ್ನೇ ಜಾಸ್ತಿ ನೋಡಿದ್ದೇನೆ. ಬಾಟಲಿಯ ಮೇಲಿನ ಡ್ರೈ, ಆಯ್ಲಿ, ನಾರ್ಮಲ್ ಎಂಬ ಮೂರರಲ್ಲಿ ಒಂದನ್ನು ಆರಿಸಲು ಹೋಗಿ ಎಲ್ಲರೂ ಸುಸ್ತಾಗಿರುತ್ತಾರೆ. ನಾನು ಹೇಳೋದು ಇಷ್ಟೇ: ಶಾಂಪೂವನ್ನು ನೆತ್ತಿ ನೋಡಿ ಆರಿಸಿ. ಕಂಡೀಷನರ್, ಎಣ್ಣೆ, ಸೀರಮ್ ಇವನ್ನು ನೆತ್ತಿಯಿಂದ ಕೆಳಗಿನ ಕೂದಲು ನೋಡಿ ಆರಿಸಿ. ಎರಡಕ್ಕೂ ಬೇರೆ ಬೇರೆ ಪರೀಕ್ಷೆ ಬೇಕು.

ಕಾರಣ ಸರಳ. ಜಿಡ್ಡು ಹುಟ್ಟುವುದು ನೆತ್ತಿಯ ಚರ್ಮದಲ್ಲಿ. ಕೂದಲಿಗೆ ತನ್ನದೇ ಎಣ್ಣೆ ಇಲ್ಲ, ನೆತ್ತಿಯದ್ದೇ ಕೆಳಗೆ ಇಳಿದು ಬರಬೇಕು. ನೇರ ಕೂದಲಲ್ಲಿ ಅದು ಸಲೀಸಾಗಿ ಇಳಿಯುತ್ತದೆ. ಗುಂಗುರು ಕೂದಲಲ್ಲಿ ಪ್ರತಿ ಸುತ್ತಿನಲ್ಲೂ ತಡೆಯುತ್ತದೆ, ತುದಿಯವರೆಗೆ ಹೋಗುವುದೇ ಇಲ್ಲ. ಇದರ ಜೊತೆಗೆ ವಯಸ್ಸೂ ಇದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ನಿಮ್ಮ ಕೂದಲು 60 ಸೆಂಟಿಮೀಟರ್ ಉದ್ದ ಇದ್ದರೆ ತುದಿಗೆ ಹತ್ತಿರ ಹತ್ತಿರ ಐದು ವರ್ಷ ವಯಸ್ಸು. ಐದು ವರ್ಷದ ಬಿಸಿಲು, ಬಾಚಣಿಗೆ, ಡ್ರೈಯರ್, ಮದುವೆಗೆ ಹೋಗುವಾಗ ಮಾಡಿಸಿದ ಐರನಿಂಗ್, ಎಲ್ಲವನ್ನೂ ಅದು ತಡೆದುಕೊಂಡಿದೆ. ಬುಡದ ಕೂದಲು ಹೋದ ತಿಂಗಳು ಹುಟ್ಟಿದ್ದು. ಅವೆರಡಕ್ಕೂ ಒಂದೇ ಆರೈಕೆ ಸಾಲದು, ಅಲ್ವಾ?

ಮೊದಲು ನೆತ್ತಿ ನೋಡೋಣ. ಮಾಮೂಲಿ ಶಾಂಪೂವಿನಿಂದ ತಲೆ ತೊಳೆಯಿರಿ. ಎಣ್ಣೆ, ಸೀರಮ್ ಏನೂ ಹಚ್ಚಬೇಡಿ. ಮರುದಿನ ಸಂಜೆ ಬೈತಲೆ ತೆಗೆದು ನೆತ್ತಿಯ ಮೇಲೆ, ಆಮೇಲೆ ಕಿವಿಯ ಹಿಂದೆ, ಒಂದು ಟಿಶ್ಯೂ ಪೇಪರ್ ಒತ್ತಿ. ಪೇಪರ್ ಪಾರದರ್ಶಕವಾಗಿ ಕಲೆ ಬಿದ್ದರೆ ಜಿಡ್ಡು ನೆತ್ತಿ. ಮೂರನೇ ದಿನವೂ ಏನೂ ಅಂಟದೆ, ಚರ್ಮ ಬಿಗಿದಂತೆ ಅನ್ನಿಸಿದರೆ ಒಣ ನೆತ್ತಿ. ನಡುವೆ ಇದ್ದರೆ ಸಾಧಾರಣ. ಎಣ್ಣೆ ಹಚ್ಚಿ ಜಡೆ ಹಾಕುವ ಅಭ್ಯಾಸ ಇರುವವರು ಈ ಪರೀಕ್ಷೆಗೆ ಮೊದಲು ಒಂದೆರಡು ವಾರ ಎಣ್ಣೆ ಬಿಡಬೇಕು, ಇಲ್ಲದಿದ್ದರೆ ಪೇಪರ್ ಮೇಲೆ ಕಾಣುವುದು ಬಾಟಲಿಯ ಎಣ್ಣೆಯೇ.

ಇಲ್ಲೇ ಹೊಟ್ಟಿನ ವಿಷಯವನ್ನೂ ಹೇಳಿಬಿಡುತ್ತೇನೆ. ಹೊಟ್ಟು ಉದುರಿದರೆ ನೆತ್ತಿ ಒಣಗಿದೆ ಅಂತ ಮನೆಯಲ್ಲಿ ಎಣ್ಣೆ ಸುರಿಯುತ್ತಾರೆ. ಉದುರುವುದು ಒಣ ಪುಡಿಯಾಗಿದ್ದು, ತುರಿಕೆ ಅಷ್ಟಾಗಿ ಇಲ್ಲದಿದ್ದರೆ ಎಣ್ಣೆ ಸರಿ. ಆದರೆ ಚೂರು ದೊಡ್ಡದಾಗಿ, ಹಳದಿ ಛಾಯೆಯಲ್ಲಿ, ಉಗುರಿಗೆ ಅಂಟುವಂತಿದ್ದು ತುರಿಕೆಯೂ ಇದ್ದರೆ ಅದು ಜಿಡ್ಡಿನ ಹೊಟ್ಟು. ಮಲಸೇಜಿಯಾ ಎಂಬ ಶಿಲೀಂಧ್ರ ಎಲ್ಲರ ನೆತ್ತಿಯಲ್ಲೂ ಇರುತ್ತದೆ, ಜಿಡ್ಡು ತಿಂದೇ ಬದುಕುತ್ತದೆ. ಅಂಥ ನೆತ್ತಿಗೆ ರಾತ್ರಿಯಿಡೀ ಎಣ್ಣೆ ಹಚ್ಚಿದರೆ ಅದಕ್ಕೆ ಊಟ ಹಾಕಿದಂತಾಗುತ್ತದೆ. ಶಿಲೀಂಧ್ರವನ್ನು ತಡೆಯುವ ಕೀಟೋಕೊನಜೋಲ್ 2% ಇರುವ ಶಾಂಪೂವನ್ನು ವಾರಕ್ಕೆ ಎರಡು ಸಲ, ನೆತ್ತಿಯ ಮೇಲೆ 3ರಿಂದ 5 ನಿಮಿಷ ಬಿಟ್ಟು ತೊಳೆಯಬೇಕು. ಹೆಚ್ಚಿನವರು ಹಚ್ಚಿದ ಕೂಡಲೇ ತೊಳೆದುಬಿಡುತ್ತಾರೆ, ಆಮೇಲೆ ಕೆಲಸ ಮಾಡಲಿಲ್ಲ ಅನ್ನುತ್ತಾರೆ. ಎರಡರಿಂದ ನಾಲ್ಕು ವಾರದಲ್ಲಿ ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ.

ಈಗ ಕೂದಲಿನ ಆಕಾರ. ನನಗೆ ತುಂಬಾ ಮುಖ್ಯ ಅನ್ನಿಸುವುದು ಇದೇ. ಇಂಟರ್ನೆಟ್‌ನಲ್ಲಿ 2ಎ, 3ಬಿ ಅಂತೆಲ್ಲ ಓದಿರುತ್ತೀರಿ. ಓಪ್ರಾ ವಿನ್‌ಫ್ರೇಯ ಕೇಶ ವಿನ್ಯಾಸಕ ಆಂಡ್ರೆ ವಾಕರ್ 1990ರ ದಶಕದಲ್ಲಿ ಮಾಡಿದ ವಿಂಗಡಣೆ ಅದು. 1 ಎಂದರೆ ನೇರ, 2 ಎಂದರೆ ಅಲೆಯಲೆಯಾದದ್ದು, 3 ಎಂದರೆ ಗುಂಗುರು, 4 ಎಂದರೆ ಬಿಗಿಯಾದ ಸಣ್ಣ ಸುರುಳಿ. ಅಕ್ಷರಗಳು ಸುರುಳಿ ಎಷ್ಟು ಬಿಗಿ ಅಂತ ಹೇಳುತ್ತವೆ. ಅಕ್ಷರಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಅಂಕಿ ಗೊತ್ತಾದರೆ ಸಾಕು. ಒಂದೇ ತಲೆಯಲ್ಲಿ ಮುಂದೆ 2, ಹಿಂದೆ ಕತ್ತಿನ ಹತ್ತಿರ 3 ಇರುವುದು ತೀರಾ ಮಾಮೂಲು.

ನಮ್ಮ ಕಡೆ ತಮ್ಮದು ನೇರ ಕೂದಲು, ಆದರೆ ಕೆಟ್ಟುಹೋಗಿದೆ ಎಂದು ನಂಬಿರುವವರಲ್ಲಿ ಎಷ್ಟೋ ಜನರದ್ದು 2 ಅಥವಾ 3ನೇ ಬಗೆ. ದಿನಾ ಒಣ ಕೂದಲನ್ನು ಬಾಚಿ ಬಾಚಿ ಸುರುಳಿ ಬಿಡಿಸಿಬಿಡುತ್ತಾರೆ. ಅದು ಕೆದರಿ ನಿಲ್ಲುತ್ತದೆ. ಕೆದರಿತು ಅಂತ ಮತ್ತೆ ಬಾಚುತ್ತಾರೆ. ಈಚೆಗೆ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಅಮ್ಮನ ಜೊತೆ ಬಂದಿದ್ದಳು. ಸ್ಟ್ರೇಟನಿಂಗ್ ಮಾಡಿಸಬೇಕು ಅಂತ ಇಬ್ಬರೂ ಹೊರಟಿದ್ದರು. ಮೊದಲು ಒಮ್ಮೆ ನೋಡೋಣ ಅಂತ ತಲೆ ತೊಳೆದೆ. ಕೈ ತುಂಬ ಕಂಡೀಷನರ್ ಹಾಕಿ, ಒದ್ದೆ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ ತೊಳೆದೆ. ಹಳೇ ಹತ್ತಿ ಪಂಚೆಯಲ್ಲಿ ಉಜ್ಜದೆ, ಒತ್ತಿ ನೀರು ತೆಗೆದೆ. ಆಮೇಲೆ ಮುಟ್ಟಬೇಡ ಅಂತ ಫ್ಯಾನ್ ಕೆಳಗೆ ಕೂರಿಸಿದೆ. ಒಣಗುತ್ತಾ ಬಂದ ಹಾಗೆ ಕಿವಿಯ ಹಿಂದೆ ಬೆರಳು ದಪ್ಪದ ಸುರುಳಿಗಳು ಒಂದೊಂದಾಗಿ ಕಟ್ಟಿಕೊಂಡವು. ಅವಳ ಅಮ್ಮ ಒಂದನ್ನು ಎಳೆದು ಬಿಟ್ಟರು, ಅದು ಮೇಲಕ್ಕೆ ಹೋಗಿ ಸುತ್ತಿಕೊಂಡಿತು. "ಇದು ನಮ್ಮತ್ತೆಯ ಕೂದಲು" ಅಂದರು. ಸ್ಟ್ರೇಟನಿಂಗ್ ಮಾತು ಅವತ್ತಿಗೆ ನಿಂತಿತು.

ನೀವೂ ಹೀಗೇ ಮಾಡಿ ನೋಡಿ. ತೊಳೆದ ಮೇಲೆ ಏನೂ ಹಚ್ಚದೆ, ಬಾಚದೆ, ಜಡೆ ಹಾಕದೆ ಒಣಗಲು ಬಿಡಿ. ಒಣಗಿದ ಮೇಲೆ ಇರುವ ಆಕಾರವೇ ನಿಮ್ಮ ಆಕಾರ. ರೀಬಾಂಡಿಂಗ್ ಮಾಡಿಸಿದ್ದರೆ ಉದ್ದವನ್ನು ಬಿಟ್ಟು ಹೊಸದಾಗಿ ಬಂದ ಬುಡವನ್ನು ಮಾತ್ರ ನೋಡಿ. ಸುರುಳಿ ಹುಟ್ಟುವುದು ಚರ್ಮದೊಳಗೆ, ಕೂದಲು ಬೆಳೆಯುವ ಗುಳಿಯ ಆಕಾರದಿಂದ. ಅದನ್ನು ಯಾವ ಶಾಂಪೂವೂ ಬದಲಿಸುವುದಿಲ್ಲ.

4ನೇ ಬಗೆಯ ಬಗ್ಗೆಯೂ ಒಂದು ಮಾತು. ನಮ್ಮ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹಲವರದ್ದು ಇಂಥ ಕೂದಲು. ಇದು ಗಟ್ಟಿ ಅಂತ ಕಾಣುತ್ತದೆ, ನಿಜಕ್ಕೂ ಎಲ್ಲಕ್ಕಿಂತ ಸೂಕ್ಷ್ಮ. ಪ್ರತಿ ತಿರುವಿನಲ್ಲೂ ಮುರಿಯಬಹುದು. ಆಗಾಗ ಶಾಂಪೂ ಬೇಡ, ಒಣ ಕೂದಲಿಗೆ ಬಾಚಣಿಗೆ ಬೇಡವೇ ಬೇಡ. ಕಂಡೀಷನರ್ ಹಚ್ಚಿ ಬೆರಳಲ್ಲೇ ಸಿಕ್ಕು ಬಿಡಿಸಿದರೆ ಒಳ್ಳೆಯದು. ಸಣ್ಣ ಊರಿನ ಪಾರ್ಲರ್‌ಗಳಲ್ಲಿ ಈ ಕೂದಲನ್ನು ನೋಡಿಕೊಳ್ಳುವುದನ್ನು ಯಾರೂ ಕಲಿಸುವುದಿಲ್ಲ. ಕಲಿಸಬೇಕು.

ಎಳೆಯ ದಪ್ಪ ನೋಡುವುದು ಸುಲಭ. ಉದುರಿದ ಒಂದು ಕೂದಲನ್ನು ಹೆಬ್ಬೆರಳು, ತೋರುಬೆರಳ ನಡುವೆ ಹೊರಳಿಸಿ. ಏನೂ ಇಲ್ಲದ ಹಾಗೆ ಅನ್ನಿಸಿದರೆ ತೆಳು ಎಳೆ. ಸ್ಪಷ್ಟವಾಗಿ ಕೈಗೆ ಸಿಕ್ಕರೆ ದಪ್ಪ ಎಳೆ. ತಲೆ ತುಂಬ ಕೂದಲಿದ್ದೂ ಎಳೆ ತೆಳುವಾಗಿರಬಹುದು. ತೆಳು ಎಳೆಗೆ ಹರಳೆಣ್ಣೆ, ಗಟ್ಟಿ ಕ್ರೀಮ್ ಹಚ್ಚಿದರೆ ತಲೆಗೆ ಅಂಟಿಕೊಂಡು ಕೂರುತ್ತದೆ. ದಪ್ಪ ಎಳೆ ಅವನ್ನು ಹೀರಿಕೊಂಡು ಮೆತ್ತಗಾಗುತ್ತದೆ.

ಕೂದಲು ನೀರನ್ನು ಎಷ್ಟು ಬೇಗ ಕುಡಿಯುತ್ತದೆ ಅಂತ ತಿಳಿಯಲು ಲೋಟದ ನೀರಿಗೆ ಕೂದಲು ಹಾಕಿ, ತೇಲಿದರೆ ಹೀಗೆ ಮುಳುಗಿದರೆ ಹಾಗೆ ಅನ್ನುವ ಪರೀಕ್ಷೆಯನ್ನು ನಂಬಬೇಡಿ. ಸ್ವಲ್ಪ ಎಣ್ಣೆ ಪಸೆ ಇದ್ದರೂ ಕೂದಲು ತೇಲುತ್ತದೆ. ಬದಲಿಗೆ ಒಂದೇ ಎಳೆಯನ್ನು ಹಿಡಿದು ಬುಡದ ಹತ್ತಿರ ಒಮ್ಮೆ, ತುದಿಯ ಹತ್ತಿರ ಒಮ್ಮೆ, ಕೆಳಗಿನಿಂದ ಮೇಲಕ್ಕೆ ಬೆರಳಾಡಿಸಿ. ಹಾಗೆ ಆಡಿಸಿದಾಗ ಸ್ವಲ್ಪ ತಡೆದಂತಾಗುವುದು ಎಲ್ಲ ಕೂದಲಲ್ಲೂ ಇದೆ. ಬುಡಕ್ಕಿಂತ ತುದಿಯಲ್ಲಿ ತುಂಬಾ ಜಾಸ್ತಿ ತಡೆದರೆ ಹೊರಪದರ ಎದ್ದಿದೆ ಅಂತ ಅರ್ಥ. ಅಂಥ ಕೂದಲು ನೀರನ್ನು ಬೇಗ ಕುಡಿಯುತ್ತದೆ, ಬೇಗ ಕಳೆದುಕೊಳ್ಳುತ್ತದೆ. ಡೈಮೆಥಿಕೋನ್ ಎಂಬ ಸಿಲಿಕೋನ್ ಇರುವ ಸೀರಮ್ ಎರಡು ಹನಿ ತುದಿಗೆ ಹಚ್ಚಿದರೆ ಉಜ್ಜಾಟ ಕಡಿಮೆಯಾಗುತ್ತದೆ. ಸಿಲಿಕೋನ್ ಅಂದರೆ ವಿಷ ಅನ್ನುವ ಮಾತಿಗೆ ಹೆದರಬೇಡಿ. ಆದರೆ ಒಡೆದ ತುದಿಯನ್ನು ಯಾವ ಸೀರಮ್ಮೂ ಜೋಡಿಸುವುದಿಲ್ಲ. ಅದನ್ನು ಕತ್ತರಿಸಿಯೇ ತೆಗೆಯಬೇಕು.

ಇನ್ನು ಬೆಂಗಳೂರಿನ ನೀರು. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬರುವ ಮನೆಯಲ್ಲಿ ನಲ್ಲಿಯ ಬಾಯಿಗೆ ಬಿಳಿ ಪೊರೆ ಕಟ್ಟಿರುತ್ತದೆ, ನೋಡಿರುತ್ತೀರಿ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಅವು. ಅದೇ ಕೂದಲ ಮೇಲೂ ಕೂರುತ್ತದೆ. ನಮ್ಮ ಮಲೆನಾಡಿನ ಬಾವಿ ನೀರು ಮೆದು, ಇಲ್ಲಿಂದ ಹೋದವರಿಗೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಹಾರ್ಡ್ ವಾಟರ್ ಅಥವಾ ಚೀಲೇಟಿಂಗ್ (ಅಂದರೆ ಈ ಲವಣಗಳನ್ನು ಹಿಡಿದು ತೆಗೆಯುವ) ಅಂತ ಬರೆದ ಶಾಂಪೂವನ್ನು ಹದಿನೈದು ದಿನಕ್ಕೊಮ್ಮೆ ಬಳಸಿ. ಕೊನೆಯ ಎರಡು ಚೊಂಬು ನೀರು ಕಾವೇರಿಯದ್ದೋ ಫಿಲ್ಟರಿನದ್ದೋ ಆಗಿದ್ದರೆ ಇನ್ನೂ ಒಳ್ಳೆಯದು. ಷವರಿಗೆ ಸಿಕ್ಕಿಸುವ ಚಿಕ್ಕ ಫಿಲ್ಟರ್‌ಗಳಲ್ಲಿ ಹೆಚ್ಚಿನವು ಗಡಸುತನ ತೆಗೆಯುವುದಿಲ್ಲ, ದುಡ್ಡು ದಂಡ.

ಮನೆಮದ್ದು ಬಳಸಬಹುದಾ ಅಂತಲೂ ಕೇಳಿದ್ದೀರಿ. ಖಂಡಿತ ಬಳಸಿ, ಆದರೆ ಅದಕ್ಕೂ ಇದೇ ಲೆಕ್ಕ. ಸೀಗೆಕಾಯಿ, ಅಂಟುವಾಳ ಜಿಡ್ಡು ತೆಗೆಯುತ್ತವೆ, ಅವುಗಳಲ್ಲಿ ನೊರೆ ಬರಿಸುವ ಸಪೋನಿನ್ ಇದೆ. ಅವು ನೆತ್ತಿಗೆ ಸರಿ. ಒಣ ತುದಿಗೆ ತಿಕ್ಕಿದರೆ ಸಿಕ್ಕಾಗುತ್ತದೆ. ತುದಿಗೆ ಬೇಕಾದದ್ದು ಗೊಂಪು. ದಾಸವಾಳದ ಎಲೆಯನ್ನೋ ಮತ್ತಿ ಸೊಪ್ಪನ್ನೋ ನೀರಿನಲ್ಲಿ ಕಿವುಚಿದರೆ ಬರುವ ಲೋಳೆಗೆ ನಾವು ಗೊಂಪು ಅನ್ನುತ್ತೇವೆ. ಆ ಲೋಳೆ ಎಳೆಗಳ ಮೇಲೆ ಜಾರುವ ಪದರ ಕಟ್ಟುತ್ತದೆ, ಸಿಕ್ಕು ತಾನಾಗಿ ಬಿಡುತ್ತದೆ. ನಮ್ಮಲ್ಲಿ ಅಜ್ಜಿಯರ ಕಾಲದ ಕಂಡೀಷನರ್ ಇದೇ. ತೆಳುವಾದ ಬಟ್ಟೆಯಲ್ಲಿ ಸೋಸಿಕೊಳ್ಳಿ, ಇಲ್ಲದಿದ್ದರೆ ಎಲೆಯ ಚೂರು ಕೂದಲಲ್ಲಿ ಉಳಿದು ಇಡೀ ದಿನ ಉದುರುತ್ತಿರುತ್ತದೆ. ಬೆಂಗಳೂರಲ್ಲಿ ಮತ್ತಿ ಸಿಗದಿದ್ದರೂ ದಾಸವಾಳ ಯಾರದ್ದಾದರೂ ಕಾಂಪೌಂಡಿನಲ್ಲಿ ಇದ್ದೇ ಇರುತ್ತದೆ. ಅಡುಗೆ ಸೋಡಾ ಮಾತ್ರ ತಲೆಗೆ ಹಾಕಬೇಡಿ. ಅದು ಕ್ಷಾರ, ಎದ್ದ ಹೊರಪದರವನ್ನು ಇನ್ನೂ ಎಬ್ಬಿಸುತ್ತದೆ.

ಕೊಬ್ಬರಿ ಎಣ್ಣೆ ನಿಮಗೆ ಬೇಕು, ಆದರೆ ನೆತ್ತಿಗಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದ್ದರು. ಕೂದಲಿನ ಪ್ರೋಟೀನ್ ನಷ್ಟವನ್ನು ಚೆನ್ನಾಗಿ ತಡೆದದ್ದು ಕೊಬ್ಬರಿ ಎಣ್ಣೆ ಒಂದೇ. ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯ ಸಂಶೋಧಕರೇ, ಅದನ್ನೂ ಗಮನದಲ್ಲಿಡಿ. ಆದರೂ ನಾನು ಕೈಯಲ್ಲಿ ಕಾಣುವುದೂ ಅದೇ. ತೊಳೆಯುವ ಮೊದಲು ಹಚ್ಚಿದ ಕೂದಲು ತೊಳೆದ ಮೇಲೆ ಅಷ್ಟು ಒರಟಾಗುವುದಿಲ್ಲ.

ಹಾಗಾಗಿ ನೀವು ಹೀಗೆ ಮಾಡಿ. ವಾರಕ್ಕೆ ಎರಡು ಮೂರು ಸಲ ತಲೆ ತೊಳೆಯಿರಿ. ತೊಳೆಯುವ ಒಂದು ಗಂಟೆ ಮೊದಲು ಕಿವಿಯಿಂದ ಕೆಳಗಿನ ಕೂದಲಿಗೆ ಮಾತ್ರ ಎಣ್ಣೆ ಹಚ್ಚಿ. ಜಿಡ್ಡು ನೆತ್ತಿಯ ಶಾಂಪೂವನ್ನು ಬೆರಳ ತುದಿಯಿಂದ ನೆತ್ತಿಗೆ ಮಾತ್ರ ತಿಕ್ಕಿ. ಇಳಿದು ಬರುವ ನೊರೆಯೇ ಕೆಳಗಿನ ಕೂದಲಿಗೆ ಸಾಕು. ಕಂಡೀಷನರನ್ನು ಮತ್ತೆ ಕಿವಿಯಿಂದ ಕೆಳಗೆ ಹಚ್ಚಿ, ಎರಡು ಮೂರು ನಿಮಿಷ ಬಿಟ್ಟು, ಅಲ್ಲೇ ಸಿಕ್ಕು ಬಿಡಿಸಿ ತೊಳೆಯಿರಿ. ಒಮ್ಮೆ ಒಂದೆರಡು ಇಂಚು ತುದಿ ಕತ್ತರಿಸಿ. ಒಂದೂವರೆ ತಿಂಗಳಾದರೂ ಬದಲಿಸದೆ ಇದನ್ನೇ ಮಾಡಿ. ವಾರಕ್ಕೊಂದು ಶಾಂಪೂ ಬದಲಿಸಿದರೆ ಯಾವುದು ಹಿಡಿಸಿತು ಅಂತ ತಿಳಿಯುವುದೇ ಇಲ್ಲ.

ಕೂದಲು ಉದುರುತ್ತೆ ಅಂತ ಕೊನೆಗೆ ಒಂದು ಸಾಲು ಬರೆದಿದ್ದೀರಿ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಮೂರು ದಿನ ತೊಳೆಯದೆ ಇದ್ದು ತೊಳೆದರೆ ಬಚ್ಚಲಲ್ಲಿ ಒಮ್ಮೆಲೇ ಹಿಡಿ ಕಾಣುತ್ತದೆ, ಅದಕ್ಕೆ ಗಾಬರಿ ಬೇಡ. ಡೆಂಗಿ, ಟೈಫಾಯ್ಡ್‌ನಂಥ ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೆ, ಹೆರಿಗೆಯಾದ ಕೆಲವು ತಿಂಗಳಿಗೆ ರಾಶಿ ಉದುರುವುದೂ ಇದೆ, ಸಾಮಾನ್ಯವಾಗಿ ಮತ್ತೆ ಬರುತ್ತದೆ. ಆದರೆ ನಾಣ್ಯದಷ್ಟು ಜಾಗ ಬೋಳಾದರೆ, ಬೈತಲೆ ಅಗಲವಾಗುತ್ತಾ ಹೋದರೆ, ನೆತ್ತಿ ಕೆಂಪಾಗಿ ಉರಿದರೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಬೇಕಾದರೆ ಅವರು ಥೈರಾಯ್ಡ್, ಕಬ್ಬಿಣದ ಅಂಶ ನೋಡಲು ರಕ್ತ ಪರೀಕ್ಷೆ ಬರೆದುಕೊಡುತ್ತಾರೆ. ಪಾರ್ಲರಿನಲ್ಲಿ ನಾವು ಅದಕ್ಕೆ ಮಾಡುವಂಥದ್ದು ಏನೂ ಇಲ್ಲ.