ದುಡ್ಡು ಜನರದ್ದು, ಹಿಡಿತ ಯಾರದ್ದು?

ಬಸವನಗುಡಿಯಿಂದ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ಆಕಾಶವಾಣಿ, ದೂರದರ್ಶನ ಉಳಿಯಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಯಾಕೆ ಉಳಿಯಬೇಕು? ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಕನ್ನಡದಲ್ಲೇ ಬೇಕಾದಷ್ಟು ಚಾನೆಲ್ ಇವೆ. ನಾನು ಕಟ್ಟುವ ತೆರಿಗೆಯಲ್ಲಿ ಸರ್ಕಾರದ ತುತ್ತೂರಿ ಊದಿಸುವುದು ಯಾವ ನ್ಯಾಯ? ಜಾಹೀರಾತಿನಿಂದ ಬದುಕಲಿ, ಆಗದಿದ್ದರೆ ಮುಚ್ಚಲಿ. ಬಿಎಸ್‌ಎನ್‌ಎಲ್‌ಗೂ ಇದೇ ಮಾತು. ಅಂದ ಹಾಗೆ, ನಿಮ್ಮ ಪತ್ರಿಕೆಯೂ ಸರ್ಕಾರಿ ಜಾಹೀರಾತು ತಗೊಳ್ಳುತ್ತದೆ ಅಲ್ವಾ?"

ಉತ್ತರ:

ನಿಮ್ಮ ಪತ್ರದಲ್ಲಿರುವ ಸಿಟ್ಟಿನಲ್ಲಿ ಅರ್ಧ ನನಗೂ ಇದೆ. ತುತ್ತೂರಿ ಅಂದಿರಿ. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಜನರ ದುಡ್ಡು ತಗೊಂಡಿದ್ದಕ್ಕೇ ಹೀಗಾಯಿತು ಎಂದು ನೀವು ಹೇಳುತ್ತಿದ್ದೀರಿ. ಆ ದುಡ್ಡು ಯಾರ ಕೈಯಿಂದ, ಯಾರ ಇಷ್ಟದಂತೆ ಬರುತ್ತದೆ ಅನ್ನುವುದರಲ್ಲಿ ತೊಂದರೆ ಇದೆ ಎಂದು ನನಗೆ ಅನಿಸುತ್ತದೆ.

ಎರಡು ಘಟನೆ ನೆನಪಿಸುತ್ತೇನೆ. 2014ರ ಲೋಕಸಭೆ ಚುನಾವಣೆ ಹೊತ್ತಿನಲ್ಲಿ ದೂರದರ್ಶನ ನರೇಂದ್ರ ಮೋದಿ ಅವರ ಸಂದರ್ಶನ ಪ್ರಸಾರ ಮಾಡಿತು. ಅದರ ಕೆಲವು ಭಾಗಕ್ಕೆ ಕತ್ತರಿ ಬಿದ್ದಿತ್ತು. ಆಗ ಕೇಂದ್ರದಲ್ಲಿದ್ದದ್ದು ಯುಪಿಎ ಸರ್ಕಾರ. ಗಲಾಟೆಯಾದಾಗ, ಆಕಾಶವಾಣಿ ಮತ್ತು ದೂರದರ್ಶನ ಎರಡನ್ನೂ ನಡೆಸುವ ಪ್ರಸಾರ ಭಾರತಿಯ ಸಿಇಒ ಜವಹರ್ ಸರ್ಕಾರ್ ಅವರೇ ತಮ್ಮ ಮಂಡಳಿಗೆ ಪತ್ರ ಬರೆದರು. ಸಂಸ್ಥೆಗೆ ಬೇಕಾದ ಸ್ವಾತಂತ್ರ್ಯ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ಇನ್ನೂ ಸಿಕ್ಕಿಲ್ಲ ಎಂಬ ಕೊರಗು ಅದರಲ್ಲಿತ್ತು. ಮೂರು ವರ್ಷದ ನಂತರ, 2017ರ ಸ್ವಾತಂತ್ರ್ಯ ದಿನ. ತ್ರಿಪುರಾದ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಅವರ ಭಾಷಣವನ್ನು ದೂರದರ್ಶನ, ಆಕಾಶವಾಣಿ ರೆಕಾರ್ಡ್ ಮಾಡಿಕೊಂಡಿದ್ದವು. ಬದಲಾಯಿಸದಿದ್ದರೆ ಪ್ರಸಾರ ಮಾಡುವುದಿಲ್ಲ ಎಂದು ಅವರಿಗೆ ತಿಳಿಸಲಾಯಿತು. ಅವರು ಬದಲಾಯಿಸಲಿಲ್ಲ, ಭಾಷಣವೂ ಬರಲಿಲ್ಲ. ಆಗ ಕೇಂದ್ರದಲ್ಲಿದ್ದದ್ದು ಎನ್‌ಡಿಎ.

ಒಂದು ಸಲ ಕತ್ತರಿ ಬಿದ್ದದ್ದು ಬಿಜೆಪಿ ನಾಯಕರ ಮಾತಿಗೆ, ಇನ್ನೊಂದು ಸಲ ಸಿಪಿಎಂ ನಾಯಕರ ಮಾತಿಗೆ. ಹಾಗಾಗಿ ಇದನ್ನು ಒಂದು ಪಕ್ಷದ ತಲೆಗೆ ಕಟ್ಟಿ ಸುಮ್ಮನಾಗುವಂತಿಲ್ಲ. ಯಾರು ಬಂದರೂ ಕೈ ಹಾಕಬಹುದಾದ ಹಾಗೆ ವ್ಯವಸ್ಥೆಯೇ ಇದೆ.

ಇದನ್ನು ಸರಿ ಮಾಡುವ ಪ್ರಯತ್ನ ಆಗಿಲ್ಲ ಅಂತಲ್ಲ. 1975ರಲ್ಲಿ ತುರ್ತು ಪರಿಸ್ಥಿತಿ ಬಂದ ಕೆಲವೇ ದಿನಗಳಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯಿಂದ ಐ.ಕೆ. ಗುಜ್ರಾಲ್ ಅವರನ್ನು ತೆಗೆದು ವಿ.ಸಿ. ಶುಕ್ಲಾ ಅವರನ್ನು ಕೂರಿಸಿದರು. ಆಮೇಲೆ ರೇಡಿಯೊದಲ್ಲಿ ಏನು ಬಂತು, ಏನು ಬರಲಿಲ್ಲ ಅನ್ನುವುದು ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುತ್ತದೆ. ಜನತಾ ಸರ್ಕಾರ ಬಂದ ಮೇಲೆ ಬಿ.ಜಿ. ವರ್ಗೀಸ್ ನೇತೃತ್ವದಲ್ಲಿ ಸಮಿತಿ ಕೂತಿತು. ಎರಡೂ ಸಂಸ್ಥೆಗಳನ್ನು ಸರ್ಕಾರದಿಂದ ಬಿಡಿಸಿ ಸ್ವತಂತ್ರ ಟ್ರಸ್ಟ್‌ಗೆ ಕೊಡಿ ಎಂದು ಅದು 1978ರಲ್ಲಿ ಹೇಳಿತು. ಆಗಲಿಲ್ಲ. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರದ ಕಾಲದಲ್ಲಿ ಪ್ರಸಾರ ಭಾರತಿ ಕಾಯ್ದೆ ಪಾಸಾಯಿತು. ಅದನ್ನು ಏಳು ವರ್ಷ ಜಾರಿ ಮಾಡದೆ ಇಟ್ಟರು. ಈ ನಡುವೆ, 1995ರ ಫೆಬ್ರವರಿಯಲ್ಲಿ, ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು. ರೇಡಿಯೊ, ಟಿ.ವಿ. ಪ್ರಸಾರವಾಗುವ ತರಂಗಗಳು ಸಾರ್ವಜನಿಕ ಆಸ್ತಿ, ಅವುಗಳನ್ನು ನೋಡಿಕೊಳ್ಳಲು ಸ್ವತಂತ್ರ ಪ್ರಾಧಿಕಾರ ಬೇಕು ಎಂದಿತು. ಕೊನೆಗೆ 1997ರ ಸೆಪ್ಟೆಂಬರ್‌ನಲ್ಲಿ ಕಾಯ್ದೆ ಜಾರಿಗೆ ಬಂತು. ಆಗ ಪ್ರಧಾನಿಯಾಗಿದ್ದವರು ಅದೇ ಗುಜ್ರಾಲ್.

ಈ ಕಾಯ್ದೆಯನ್ನು ದಯವಿಟ್ಟು ಒಮ್ಮೆ ಓದಿ. ಜಾಸ್ತಿ ಉದ್ದವಿಲ್ಲ. 13ನೇ ಸೆಕ್ಷನ್ ಪ್ರಕಾರ 22 ಸಂಸದರ ಒಂದು ಸಮಿತಿ ಇರಬೇಕು. 15 ಜನ ಲೋಕಸಭೆಯಿಂದ, 7 ಜನ ರಾಜ್ಯಸಭೆಯಿಂದ. ಪ್ರಸಾರ ಭಾರತಿ ತನ್ನ ಕೆಲಸವನ್ನು ಕಾಯ್ದೆಯ ಪ್ರಕಾರ ಮಾಡುತ್ತಿದೆಯೋ ಇಲ್ಲವೋ ಅಂತ ನೋಡಿ ಸಂಸತ್ತಿಗೆ ವರದಿ ಕೊಡುವುದು ಈ ಸಮಿತಿಯ ಕೆಲಸ. ಅದರಲ್ಲಿ ವಿರೋಧ ಪಕ್ಷದವರೂ ಇರುತ್ತಾರೆ. 14ನೇ ಸೆಕ್ಷನ್ ಪ್ರಕಾರ ಒಂದು ಪ್ರಸಾರ ಪರಿಷತ್ತು ಇರಬೇಕು. ನಿಮ್ಮಂಥವರು, ನನ್ನಂಥವರು ದೂರು ಕೊಟ್ಟರೆ ವಿಚಾರಿಸುವುದಕ್ಕೆ ಅದು. ಕಾಯ್ದೆ ಪಾಸಾದದ್ದು 1990ರಲ್ಲಿ. ಈ ಎರಡೂ ಇವತ್ತಿಗೂ ರಚನೆಯಾಗಿಲ್ಲ. ನನಗೆ ಅತಿ ಹೆಚ್ಚು ನೋವು ಕೊಡುವ ವಿಷಯ ಇದು. ಹೊಸ ಕಾನೂನು ಬೇಡ, ಹೊಸ ಆಯೋಗ ಬೇಡ. ಬರೆದಿಟ್ಟಿದ್ದನ್ನು ಮಾಡಿದ್ದರೆ 2014ರ ಕತ್ತರಿಗೂ 2017ರ ಕತ್ತರಿಗೂ ಯಾರಾದರೂ ಎದ್ದು ನಿಂತು ಉತ್ತರ ಹೇಳಬೇಕಾಗುತ್ತಿತ್ತು.

ಇನ್ನೊಂದು ಸಂಗತಿ. ಪ್ರಸಾರ ಭಾರತಿಯ ಅಧ್ಯಕ್ಷರ ಕುರ್ಚಿ 2020ರ ಫೆಬ್ರವರಿಯಿಂದ 2024ರ ಮಾರ್ಚ್‌ವರೆಗೆ ಖಾಲಿ ಇತ್ತು. ಅಧ್ಯಕ್ಷರನ್ನು ಆರಿಸಲು ಉಪರಾಷ್ಟ್ರಪತಿ ನೇತೃತ್ವದ ಮೂವರ ಸಮಿತಿ ಇದೆ. ಆದರೂ ನಾಲ್ಕು ವರ್ಷ ಯಾರೂ ಇಲ್ಲ. ಮೇಲೆ ಹೇಳುವವರು, ಕೇಳುವವರು ಇಲ್ಲದ ಸಂಸ್ಥೆ ಯಾರ ಮುಖ ನೋಡುತ್ತದೆ? ಸಚಿವಾಲಯದ ಮುಖವನ್ನೇ ಅಲ್ವಾ?

ಈಗ ದುಡ್ಡಿಗೆ ಬರೋಣ. ನಿಮಗಿಂತ ಹಿರಿಯ ಓದುಗರಿಗೆ ರೇಡಿಯೊ ಲೈಸೆನ್ಸ್ ನೆನಪಿರುತ್ತದೆ. ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿಗೆ ಹೋಗಿ ಕಟ್ಟಿ ಬರಬೇಕಿತ್ತು. ಆ ಶುಲ್ಕ 1980ರ ದಶಕದ ಮಧ್ಯದಲ್ಲಿ ನಿಂತುಹೋಯಿತು. ಅಲ್ಲಿಗೆ ಕೇಳುಗನಿಗೂ ನಿಲಯಕ್ಕೂ ಇದ್ದ ನೇರ ಲೆಕ್ಕ ಮುಗಿಯಿತು. ಈಗ ಬಜೆಟ್‌ನಿಂದ ಅನುದಾನ ಬರುತ್ತದೆ. ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಸರ್ಕಾರಕ್ಕೆ ಎಷ್ಟು ಅಗತ್ಯ ಅನಿಸುತ್ತದೋ ಅಷ್ಟನ್ನು ಸಂಸತ್ತಿನ ಒಪ್ಪಿಗೆ ಪಡೆದು ವರ್ಷವರ್ಷ ಕೊಡಬಹುದು. ಇಷ್ಟೇ ಕೊಡಬೇಕು ಅಂತಿಲ್ಲ. ಮುಂದಿನ ವರ್ಷ ಎಷ್ಟು ಬರುತ್ತದೆ ಅನ್ನುವ ಭರವಸೆಯೂ ಇಲ್ಲ.

ನಮ್ಮ ಬೆಂಗಳೂರಿನ ಕಾವೇರಿ ನೀರನ್ನೇ ತಗೊಳ್ಳಿ. ಬಿಲ್ ಕಟ್ಟುವವರು ನಾವು, ವಾಲ್ವ್ ತಿರುಗಿಸುವವರು ಬೇರೆ. ಬೀದಿಗೆ ನೀರು ಬಿಡುವವರ ಮೇಲೆ ಯಾರಾದರೂ ರೇಗುತ್ತಾರಾ? ನೀರು ನಿಲ್ಲಿಸಿಬಿಟ್ಟರೆ ಅನ್ನುವ ಭಯ. ಅನುದಾನ ಬಿಡುವ ಸಚಿವಾಲಯದ ಮುಂದೆ ಆಕಾಶವಾಣಿಯ ಅಧಿಕಾರಿ ಇರುವುದೂ ಅದೇ ಸ್ಥಿತಿಯಲ್ಲಿ.

ಮೊತ್ತ ಎಷ್ಟು? ಈಚಿನ ಬಜೆಟ್‌ಗಳಲ್ಲಿ ಪ್ರಸಾರ ಭಾರತಿಗೆ ಹೆಚ್ಚುಕಮ್ಮಿ 2,500ರಿಂದ 3,000 ಕೋಟಿ ರೂಪಾಯಿ ಅನುದಾನ ಸಿಗುತ್ತಿದೆ. ಬಹುಪಾಲು ಸಂಬಳಕ್ಕೆ. 2007ರ ಅಕ್ಟೋಬರ್ 5ಕ್ಕಿಂತ ಮುಂಚೆ ಸೇರಿದವರು ಇವತ್ತಿಗೂ ಸರ್ಕಾರಿ ನೌಕರರೇ, ಅವರ ಸಂಬಳ ಸರ್ಕಾರದ್ದೇ. ಟ್ರಾನ್ಸ್‌ಮಿಟರ್, ಸ್ಟುಡಿಯೊ ಮುಂತಾದ ಕೆಲಸಕ್ಕೆ 2023ರ ಜನವರಿಯಲ್ಲಿ ಬೇರೆಯಾಗಿ 2,539.61 ಕೋಟಿ ಮಂಜೂರಾಯಿತು, ಅದು 2025-26ರವರೆಗಿನ ಯೋಜನೆ. ದೇಶದ ಜನಸಂಖ್ಯೆಗೆ ಹಂಚಿದರೆ ವರ್ಷದ ಅನುದಾನ ತಲೆಗೆ 20 ರೂಪಾಯಿ ಆಸುಪಾಸು. ಗಾಂಧಿಬಜಾರಿನಲ್ಲಿ ಒಂದು ಲೋಟ ಕಾಫಿಗೂ ಸಾಲದು. ಜರ್ಮನಿಯಲ್ಲಿ ಪ್ರಸಾರ ಶುಲ್ಕ ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೊ. ಬ್ರಿಟನ್‌ನಲ್ಲಿ ಬಿಬಿಸಿ ಲೈಸೆನ್ಸ್ 2025ರ ಏಪ್ರಿಲ್‌ನಲ್ಲಿ ವರ್ಷಕ್ಕೆ 174.50 ಪೌಂಡ್ ಆಗಿತ್ತು.

ಜರ್ಮನಿಯ ಕಥೆ ಸ್ವಲ್ಪ ನಿಂತು ನೋಡುವಂಥದ್ದು. ಅಲ್ಲಿ ಪ್ರಸಾರ ಸಂಸ್ಥೆಗಳಿಗೆ ಎಷ್ಟು ಹಣ ಬೇಕು ಎಂದು ಲೆಕ್ಕ ಹಾಕುವುದು ಸ್ವತಂತ್ರ ಆಯೋಗ. 17.50 ಯೂರೊ ಇದ್ದದ್ದನ್ನು 86 ಸೆಂಟ್ ಏರಿಸಬೇಕು ಎಂದು ಅದು ಹೇಳಿತು. ರಾಜ್ಯಗಳೆಲ್ಲ ಒಪ್ಪಬೇಕಿತ್ತು. ಸ್ಯಾಕ್ಸನಿ-ಅನ್‌ಹಾಲ್ಟ್ ಎಂಬ ಒಂದು ರಾಜ್ಯ ಒಪ್ಪದೆ ತಡೆಹಿಡಿಯಿತು. ವಿಷಯ ಸಂವಿಧಾನ ನ್ಯಾಯಾಲಯಕ್ಕೆ ಹೋಯಿತು. 2021ರ ಆಗಸ್ಟ್‌ನಲ್ಲಿ ತೀರ್ಪು ಬಂತು: ಹಾಗೆ ತಡೆಯುವುದು ಪ್ರಸಾರದ ಸ್ವಾತಂತ್ರ್ಯಕ್ಕೇ ಧಕ್ಕೆ. ಏರಿಕೆ ಜಾರಿಗೆ ಬಂತು. 86 ಸೆಂಟ್‌ಗಾಗಿ ಕೋರ್ಟು ಇಷ್ಟು ಗಟ್ಟಿಯಾಗಿ ನಿಂತ ದೇಶದಲ್ಲಿ ಸಂಪಾದಕ ಸ್ವಲ್ಪ ಧೈರ್ಯವಾಗಿ ಕೆಲಸ ಮಾಡಬಹುದು.

ಬಿಬಿಸಿ ಅಷ್ಟು ಗಟ್ಟಿಯಲ್ಲ. ಅಲ್ಲಿ ಶುಲ್ಕ ಗೊತ್ತುಮಾಡುವುದು ಸರ್ಕಾರ. 2022ರಲ್ಲಿ ಎರಡು ವರ್ಷ 159 ಪೌಂಡ್‌ಗೇ ನಿಲ್ಲಿಸಿಬಿಟ್ಟರು. ಅಮೆರಿಕದಲ್ಲಂತೂ ಇನ್ನೂ ಕೆಟ್ಟದಾಯಿತು. 1967ರ ಕಾಯ್ದೆಯಡಿ ಕಟ್ಟಿದ ಸಾರ್ವಜನಿಕ ಪ್ರಸಾರ ನಿಗಮಕ್ಕೆ ಎರಡು ವರ್ಷ ಮುಂಚಿತವಾಗಿ ಹಣ ಮಂಜೂರು ಮಾಡುವ ಪದ್ಧತಿ ಇತ್ತು. ರಾಜಕೀಯದ ಕೈ ಬೀಳದಿರಲಿ ಅಂತಲೇ ಹಾಗೆ ಮಾಡಿದ್ದರು. 2025ರ ಜುಲೈನಲ್ಲಿ ಅಲ್ಲಿನ ಸಂಸತ್ತು ಆ ಎರಡು ವರ್ಷದ ಹಣ, ಸುಮಾರು 110 ಕೋಟಿ ಡಾಲರ್, ವಾಪಸ್ ತಗೊಂಡಿತು. ಮುಂದಿನ ತಿಂಗಳೇ ನಿಗಮ ಬಾಗಿಲು ಹಾಕುವುದಾಗಿ ಹೇಳಿತು. ಜಾಸ್ತಿ ಪೆಟ್ಟು ಬಿದ್ದದ್ದು ಹಳ್ಳಿಗಾಡಿನ ಚಿಕ್ಕ ನಿಲಯಗಳಿಗೆ. ದೊಡ್ಡ ಊರಿನವರಿಗೆ ದಾನಿಗಳು ಸಿಗುತ್ತಾರೆ, ಅವರಿಗೆ ಸಿಗುವುದಿಲ್ಲ.

ನಿಮ್ಮ "ಜಾಹೀರಾತಿನಿಂದ ಬದುಕಲಿ" ಅನ್ನುವ ಮಾತಿಗೆ ಇಲ್ಲೇ ಉತ್ತರ ಇದೆ. ಜಾಹೀರಾತು ಬೆಂಗಳೂರಿಗೆ ಬರುತ್ತದೆ. ಮಡಿಕೇರಿ ಆಕಾಶವಾಣಿಯ ಕೊಡವ ಭಾಷೆಯ ಕಾರ್ಯಕ್ರಮಕ್ಕೆ ಎಷ್ಟು ಕಂಪನಿಗಳು ಬರುತ್ತವೆ? ಮಂಗಳೂರು ನಿಲಯದ ತುಳು, ಕೊಂಕಣಿ ಕಾರ್ಯಕ್ರಮಕ್ಕೆ? ಕೃಷಿರಂಗದಲ್ಲಿ ರಾಗಿ ಬೆಳೆಯ ರೋಗದ ಬಗ್ಗೆ ಅರ್ಧ ಗಂಟೆ ಮಾತಾಡಲು ಯಾವ ಖಾಸಗಿ ಎಫ್‌ಎಂ ಸಮಯ ಕೊಡುತ್ತದೆ? ದೂರದರ್ಶನ ಚಂದನದ 'ಥಟ್ ಅಂತ ಹೇಳಿ' 2002ರಿಂದ ಬರುತ್ತಿದೆ. ಸರಿ ಉತ್ತರ ಹೇಳಿದರೆ ಬಹುಮಾನ ಕನ್ನಡ ಪುಸ್ತಕ. ಕೋಟಿ ರೂಪಾಯಿ ಆಸೆ ತೋರಿಸದ ಈ ಕಾರ್ಯಕ್ರಮವನ್ನು ಜನ ಇಷ್ಟು ವರ್ಷ ಕೂತು ನೋಡಿದ್ದಾರೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ 'ಸಂವೇದ' ಪಾಠಗಳು ಬಂದದ್ದು ಇದೇ ಚಂದನದಲ್ಲಿ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ ಅಂದಿರಿ. ಮನೆಗೆ ಒಂದೇ ಮೊಬೈಲ್ ಇದ್ದು, ಅದನ್ನು ಅಪ್ಪ ಕೆಲಸಕ್ಕೆ ತಗೊಂಡು ಹೋದಾಗ ಮಕ್ಕಳಿಗೆ ಉಳಿದದ್ದು ಟಿ.ವಿ. ಮಾತ್ರ.

ಇನ್ನೊಂದು ಮಾತು ತುಂಬ ಜನರಿಗೆ ಗೊತ್ತಿಲ್ಲ. ನಮ್ಮ ದೇಶದಲ್ಲಿ ಖಾಸಗಿ ಎಫ್‌ಎಂಗಳು ತಮ್ಮದೇ ಸುದ್ದಿ ಓದುವಂತಿಲ್ಲ. ಬೇಕಾದರೆ ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಹಾಕಬಹುದು. ಸಮುದಾಯ ರೇಡಿಯೊಗಳಿಗೂ ಅಷ್ಟೇ. ಈ ನಿರ್ಬಂಧ ಹೋಗಬೇಕು ಅನ್ನುವವನು ನಾನು. ಆದರೆ ಅದು ಇರುವಾಗ ಆಕಾಶವಾಣಿ ಮುಚ್ಚಿದರೆ ರೇಡಿಯೊದಲ್ಲಿ ಸುದ್ದಿ ಎನ್ನುವುದೇ ಇರುವುದಿಲ್ಲ.

ಖಾಸಗಿಯಾಗಿ, ಪ್ರೀತಿಯಿಂದಲೇ ನಡೆಸಿದ ಉದಾಹರಣೆ ನಮ್ಮಲ್ಲೇ ಇದೆ. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ನಿಲಯ ಶುರು ಮಾಡಿದರು. ಸಂಗೀತ, ನಾಟಕ, ಭಾಷಣ ಎಲ್ಲ ಇತ್ತು. ಅಂಥವರಿಗೂ ಅದನ್ನು ಕೊನೆಯವರೆಗೆ ಒಬ್ಬರೇ ಹೊರಲು ಆಗಲಿಲ್ಲ. 1942ರಲ್ಲಿ ಮೈಸೂರು ಸಂಸ್ಥಾನ ವಹಿಸಿಕೊಂಡಿತು. 1955ರಲ್ಲಿ ನಿಲಯ ಬೆಂಗಳೂರಿಗೆ ಬಂತು. ಇವತ್ತು ರಾಜಭವನ ರಸ್ತೆಯಲ್ಲಿರುವ ಆಕಾಶವಾಣಿಯ ಹಿಂದೆ ಆ ಇತಿಹಾಸವಿದೆ.

ಬಿಎಸ್‌ಎನ್‌ಎಲ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಅದಕ್ಕೆ ಬೇರೆ ಲೇಖನವೇ ಬೇಕು. ದೂರವಾಣಿಯಲ್ಲೂ ಪ್ರಶ್ನೆ ಜನರ ದುಡ್ಡಿನ ಹಿಡಿತದ್ದೇ. ಹಳ್ಳಿಗಳಿಗೆ ದೂರವಾಣಿ ಸೇವೆ ಒದಗಿಸಲು 2002ರಲ್ಲಿ ಒಂದು ನಿಧಿ ಶುರುವಾಯಿತು. ಟೆಲಿಕಾಂ ಕಂಪನಿಗಳ ಆದಾಯದ ಶೇ 5ರಷ್ಟು ಅದರ ಹೆಸರಿನಲ್ಲಿ ವಸೂಲಾಗುತ್ತದೆ. ಅಂದರೆ ನಿಮ್ಮ ರೀಚಾರ್ಜ್‌ನಲ್ಲಿ ಅದರ ಪಾಲಿದೆ. 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೆ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ವಸೂಲಾದ ಹಣ ಮೊದಲು ಸರ್ಕಾರದ ಖಜಾನೆಗೆ ಹೋಗುತ್ತದೆ. ಅಲ್ಲಿಂದ ಬಜೆಟ್‌ನಲ್ಲಿ ಬಿಟ್ಟಷ್ಟೇ ಹಳ್ಳಿಗೆ. ಸಾವಿರಾರು ಕೋಟಿ ಬಳಕೆಯಾಗದೆ ಉಳಿದ ವರ್ಷಗಳಿವೆ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಅದನ್ನು ಎತ್ತಿ ಹೇಳಿದೆ. ಮಲೆನಾಡಿನಲ್ಲಿ ಸಿಗ್ನಲ್‌ಗಾಗಿ ಗುಡ್ಡ ಹತ್ತುವ ಹುಡುಗರ ಪಾಲಿನ ದುಡ್ಡು ಅದು. ಇಲ್ಲೂ ಕೊರತೆ ಹಣದ್ದಲ್ಲ.

ಹಾಗಾದರೆ ಏನು ಕೇಳಬೇಕು? ನನ್ನ ಪ್ರಕಾರ, ಮೊದಲು 13 ಮತ್ತು 14ನೇ ಸೆಕ್ಷನ್‌ಗಳ ಸಮಿತಿ, ಪರಿಷತ್ತು ರಚನೆಯಾಗಲಿ. ಅನುದಾನವನ್ನು ವರ್ಷವರ್ಷ ಅಲ್ಲದೆ ಐದು ವರ್ಷಕ್ಕೆ ಒಮ್ಮೆ ಗೊತ್ತುಮಾಡಲಿ, ಮೊತ್ತವನ್ನು ಸಚಿವಾಲಯದ ಹೊರಗಿನವರು ಲೆಕ್ಕ ಹಾಕಲಿ. ಖರ್ಚಿನ ಲೆಕ್ಕವನ್ನು ಸಿಎಜಿ ನೋಡುವುದು ಈಗಲೂ ಇದೆ, ಅದು ಇರಲೇಬೇಕು. ಜನರ ದುಡ್ಡಿಗೆ ಲೆಕ್ಕ ಕೇಳುವುದು ಬೇರೆ, ಸುದ್ದಿಯಲ್ಲಿ ಏನಿರಬೇಕು ಅಂತ ಹೇಳುವುದು ಬೇರೆ. ಮೊದಲನೆಯದು ಈಗಿನದಕ್ಕಿಂತ ಬಿಗಿಯಾಗಲಿ. ನಿಮ್ಮದು ಬೆಂಗಳೂರು ದಕ್ಷಿಣ ಕ್ಷೇತ್ರ. ನಿಮ್ಮ ಸಂಸದರಿಗೆ ಒಂದು ಪತ್ರ ಬರೆಯಿರಿ, 13ನೇ ಸೆಕ್ಷನ್‌ನ ಸಮಿತಿ ಯಾಕಿಲ್ಲ ಎಂದು ಸದನದಲ್ಲಿ ಕೇಳಲು ಹೇಳಿ. ನನಗೆ ಬರೆದಷ್ಟೇ ಖಾರವಾಗಿ ಬರೆಯಿರಿ.

ಕೊನೆಗೆ ನಮ್ಮ ಪತ್ರಿಕೆಯ ವಿಷಯ. ಹೌದು, ಸರ್ಕಾರಿ ಜಾಹೀರಾತು ತಗೊಳ್ಳುತ್ತೇವೆ. ಅದಿಲ್ಲದೆ ಈ ಬೆಲೆಗೆ ಪತ್ರಿಕೆ ಕೊಡಲು ಆಗುವುದಿಲ್ಲ. ಯಾವ ಪತ್ರಿಕೆಗೆ ಎಷ್ಟು ಎಂದು ತೀರ್ಮಾನಿಸುವ ಅಧಿಕಾರ ಸರ್ಕಾರದ್ದೇ, ಆದ್ದರಿಂದ ಆಕಾಶವಾಣಿಗೆ ಇರುವ ಅಪಾಯ ನಮಗೂ ಇದೆ. ಬೇರೆಯವರ ಲೆಕ್ಕ ಕೇಳುವಾಗ ನಮ್ಮದನ್ನೂ ತೆರೆದಿಡಬೇಕು. ಮುಂದಿನ ಯುಗಾದಿ ಸಂಚಿಕೆಯಿಂದ ಪ್ರತಿವರ್ಷ, ಕೇಂದ್ರ ಮತ್ತು ರಾಜ್ಯ ಸರ್ಕಾರದ ಜಾಹೀರಾತುಗಳಿಂದ ನಮಗೆ ಬಂದ ಹಣ ಎಷ್ಟು, ಒಟ್ಟು ಆದಾಯದಲ್ಲಿ ಅದರ ಪಾಲೆಷ್ಟು ಎಂಬುದನ್ನು ಇದೇ ಪುಟದಲ್ಲಿ ಪ್ರಕಟಿಸುತ್ತೇವೆ. ಆ ಸಂಚಿಕೆ ನೋಡಿದ ಮೇಲೆ ಮತ್ತೆ ಬರೆಯಿರಿ.

– ಸಂ.