ಯಾವ ರೆಜಿಮೆಂಟು ಸ್ವಾಮಿ?

ಪ್ರಶ್ನೆ: ನಮ್ಮ ಸೋದರಮಾವನದ್ದು ಒಂದು ಮಹೀಂದ್ರ ಎಂಎಂ 540 ಜೀಪು. ಅವರು ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ ತೆಂಗಿನ ತೋಟದ ಶೆಡ್ಡಿನಲ್ಲೇ ನಿಂತಿದೆ. ಮಾವನ ಮಗ ಒಂದೂವರೆ ಲಕ್ಷ ಕೇಳುತ್ತಿದ್ದಾನೆ. ಬ್ಯಾಟರಿ ಹಾಕಿದರೆ ಸ್ಟಾರ್ಟ್ ಆಗುತ್ತಂತೆ. ತಗೊಂಡು ಮಿಲಿಟರಿ ಹಸಿರು ಬಣ್ಣ ಹೊಡೆಸಬೇಕು ಅಂತ ಆಸೆ. ತಗೊಳ್ಳಲಾ ಸರ್?
– ಓದುಗರೊಬ್ಬರು, ತಿಪಟೂರು ತಾಲ್ಲೂಕು

ಉತ್ತರ: ಮೊದಲು ಆ ಹಸಿರು ಬಣ್ಣದ ಆಸೆ ಬಿಡಿ. ಸೇನೆಯ ಗಾಡಿಗಳ ಆಲಿವ್ ಗ್ರೀನ್ ಬಣ್ಣವನ್ನು ನಾವು ನೀವು ಹಾಕುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮ 121 ಇರುವುದೇ ಅದಕ್ಕೆ. ಇದು ನನಗೆ ಓದಿ ಗೊತ್ತಾಗಿದ್ದಲ್ಲ. ನನ್ನ ಮೊದಲ ಜೀಪಿಗೆ ತುಮಕೂರಿನಲ್ಲಿ 22 ಸಾವಿರ ಕೊಟ್ಟು ಅದೇ ಬಣ್ಣ ಹೊಡೆಸಿ ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಪರೀಕ್ಷೆಗೆ ತಗೊಂಡು ಹೋದೆ. ಇನ್‌ಸ್ಪೆಕ್ಟರ್ ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಯಾವ ರೆಜಿಮೆಂಟು ಸ್ವಾಮಿ?" ಅಂದರು. ಎಲ್ಲ ಕೆರೆಸಿ ಮತ್ತೆ ಬಿಳಿ ಬಣ್ಣ ಹೊಡೆಸಿದೆ.

ಈಗ ಕಾಗದ ನೋಡೋಣ. ಆರ್‌ಸಿ ಇನ್ನೂ ಮಾವನ ಹೆಸರಿನಲ್ಲೇ ಇದ್ದರೆ ಮಗ ನಿಮಗೆ ನೇರವಾಗಿ ಮಾರಲು ಬರುವುದಿಲ್ಲ. ಮರಣ ಪ್ರಮಾಣಪತ್ರ ಇಟ್ಟು, ಫಾರಂ 31 ಕೊಟ್ಟು ಮೊದಲು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಮೇಲೆ ನಿಮ್ಮ ಹೆಸರಿಗೆ ಮಾಡಿಸಲು ಫಾರಂ 29, 30. ಅವನಿಗೆ ಅಕ್ಕತಂಗಿಯರಿದ್ದರೆ ಅವರ ಒಪ್ಪಿಗೆಯೂ ಇರಲಿ. ನೆಂಟಸ್ತಿಕೆಯಲ್ಲಿ ಇದನ್ನೆಲ್ಲ ಕೇಳುವುದು ಮುಜುಗರ, ಆದರೂ ಕೇಳಿ. 15 ವರ್ಷ ದಾಟಿದ ಗಾಡಿ, ಐದೈದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್ ಬೇರೆ. ಇಂಜಿನ್ ನಂಬರು, ಚಾಸಿ ನಂಬರು ಎರಡನ್ನೂ ಆರ್‌ಸಿ ಜೊತೆ ತಾಳೆ ನೋಡಿ. ಹಳೇ ಜೀಪಿಗೆ ಬೇರೆ ಇಂಜಿನ್ ಕೂರಿಸಿ, ಕಾಗದದಲ್ಲಿ ಹಾಗೇ ಬಿಟ್ಟಿರುವವರು ಜಾಸ್ತಿ.

ಇನ್ನು ಆ ಸ್ಟಾರ್ಟಿಂಗ್. ದಯವಿಟ್ಟು ಸುಮ್ನೆ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಬೇಡಿ. ಒಂಬತ್ತು ವರ್ಷದ ಡೀಸೆಲ್ ಟ್ಯಾಂಕಿನಲ್ಲೇ ಇದ್ದರೆ ತಳದಲ್ಲಿ ತುಕ್ಕು, ನೀರು, ಗಸಿ. ಅದು ಡೀಸೆಲ್ ಪಂಪಿಗೆ ಹೋದರೆ ಪಂಪೂ ಹೋಯಿತು, ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಝಲ್‌ಗಳೂ ಹೋದವು. ಟ್ಯಾಂಕ್ ಇಳಿಸಿ ತೊಳೆಸಿ, ಫಿಲ್ಟರ್ ಬದಲಿಸಿ, ಇಂಜಿನ್ ಆಯಿಲ್ ಹೊಸದು ಹಾಕಿ, ಆಮೇಲೆ ನೋಡಿ. ಅದರಲ್ಲಿ ಕಂಪನಿಯ 2112 ಸಿಸಿ ಪ್ಯೂಜೋ ಇಂಜಿನ್ನೇ ಇದ್ದರೆ ನಿಮ್ಮ ಅದೃಷ್ಟ, ಗಟ್ಟಿ ಪಿಂಡ. ಓಡುವಾಗ ಆಯಿಲ್ ಮುಚ್ಚಳ ತೆಗೆಯಿರಿ. ಅಲ್ಲಿಂದ ಬುಸುಬುಸು ಹೊಗೆ ಬಂದರೆ ಪಿಸ್ಟನ್ ರಿಂಗುಗಳ ಕಥೆ ಮುಗಿದಿದೆ.

ನಿಜವಾದ ಖರ್ಚು ಇರುವುದು ಅಡಿಯಲ್ಲಿ. ಗೋಣಿಚೀಲ ಹಾಸಿ ಗಾಡಿ ಕೆಳಗೆ ಮಲಗಿ. ಸ್ಕ್ರೂಡ್ರೈವರ್ ಹಿಡಿಯಿಂದ ಚಾಸಿಯನ್ನು ಉದ್ದಕ್ಕೂ ಬಡಿಯುತ್ತಾ ಬನ್ನಿ, ಅದರಲ್ಲೂ ಹಿಂದಿನ ಪಟ್ಟಾ (ಲೀಫ್ ಸ್ಪ್ರಿಂಗ್) ಕೂರುವ ಜಾಗದಲ್ಲಿ. ಠಣ್ ಅಂದರೆ ಸರಿ, ಡಬ್ ಅಂದರೆ ಒಳಗೆ ತುಕ್ಕು ತಿಂದಿದೆ. ಅಲ್ಲೆಲ್ಲ ಹೊಸದಾಗಿ ಕಪ್ಪು ಟಾರು ಬಳಿದಿದ್ದರೆ ಯಾಕೆ ಬಳಿದರು ಅಂತ ಕೇಳಿ. ಮುಂದಿನ ಚಕ್ರವನ್ನು ಜಾಕಿನಲ್ಲಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲೊಡಲೊಡ ಅಂದರೆ ಬೇರಿಂಗ್ ಕೆಲಸ ಇದೆ. ಬ್ರೇಕಿನ ಸಿಲಿಂಡರು, ಹೋಸ್ ಪೈಪುಗಳನ್ನು ನೋಡುವುದೇ ಬೇಡ, ಪೂರ್ತಿ ಬದಲಿಸಿ. ನಾಲ್ಕೂ ಚಕ್ರ ಎಳೆಯುವಂತೆ ಮಾಡುವ ಫೋರ್ ವೀಲ್ ಲಿವರ್ ಪರೀಕ್ಷೆಯನ್ನು ಟಾರ್ ರೋಡಿನಲ್ಲಿ ಮಾಡಬೇಡಿ, ಉತ್ತ ಹೊಲದಲ್ಲಿ ಮಾಡಿ.

ಚಾಸಿ ಠಣ್ ಅಂದರೆ ತಗೊಳ್ಳಿ. ಆದರೆ ಹೆಸರು ಬದಲಾಗುವವರೆಗೆ ಹತ್ತು ಸಾವಿರ ಅಡ್ವಾನ್ಸ್ ಮೇಲೆ ನಾನಾದರೆ ಒಂದು ರೂಪಾಯಿ ಕೊಡುವುದಿಲ್ಲ. ಬಣ್ಣ ಎಲ್ಲ ಕೆಲಸ ಮುಗಿದ ಮೇಲೆ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಉಗುರಿನಿಂದ ಸ್ವಲ್ಪ ಕೆರೆದು ನೋಡಿ, ನಿಮ್ಮ ಮಾವ ಓಡಿಸುತ್ತಿದ್ದ ಬಣ್ಣ ಅಲ್ಲಿ ಇನ್ನೂ ಇರುತ್ತದೆ.