ತಾರಸಿಯ ಡಿಶ್ ಮರಳಿ ಏರಲು ತಿಣುಕಿದಾಗ

ಪ್ರಶ್ನೆ: ನಮ್ಮ ತಾರಸಿಯ ಮೇಲೆ 8 ಅಡಿಯ ಜಾಲರಿ ಡಿಶ್ ಇದೆ. ಒಂದೇ ಅಚ್ಚಿನ ಸುತ್ತ ತಿರುಗಿ ಬೇರೆ ಬೇರೆ ಉಪಗ್ರಹಗಳತ್ತ ಮುಖಮಾಡುವ ಪೋಲಾರ್ ಮೌಂಟ್, ಡಿಶ್ಶನ್ನು ತಳ್ಳಿ ಎಳೆಯುವ 24 ಅಂಗುಲದ 36 ವೋಲ್ಟ್ ಆಕ್ಚುವೇಟರ್ (ಮೋಟರಿನಿಂದ ಚಾಚುವ ತೋಳು), ಟಿವಿಯ ಪಕ್ಕದಲ್ಲಿ ಅದನ್ನು ನಡೆಸುವ ಪೊಸಿಷನರ್ ಪೆಟ್ಟಿಗೆ, ನಡುವೆ ಸುಮಾರು 35 ಮೀಟರ್ ವೈರ್. ಕಳೆದ ಬೇಸಿಗೆಯವರೆಗೆ 66ರಿಂದ 105.5 ಡಿಗ್ರಿ ಪೂರ್ವ ರೇಖಾಂಶದ ಉಪಗ್ರಹಗಳವರೆಗೆ ಸರಾಗವಾಗಿ ತಿರುಗುತ್ತಿತ್ತು. ಮಳೆಗಾಲ ಮುಗಿದ ಮೇಲೆ ಪೂರ್ವದ ತುದಿಗೆ ಹೋಗುವುದೇನೋ ಸಲೀಸು, ಆದರೆ ಅಲ್ಲಿಂದ 83 ಡಿಗ್ರಿಗೆ ಮರಳುವಾಗ ಮೋಟರ್ ಆರಂಭದಲ್ಲೇ ತಿಣುಕಿ ನಿಂತುಬಿಡುತ್ತದೆ. ಸಂಜೆ ಹೊತ್ತು ಇನ್ನೂ ಕಷ್ಟ. ಡಿಶ್ಶಿಗೆ ಕೈಕೊಟ್ಟು ಎತ್ತಿದರೆ ಹೊರಡುತ್ತದೆ. ಅಂಗಡಿಯವರು ಮೋಟರ್ ಬದಲಿಸಲು ಹೇಳುತ್ತಿದ್ದಾರೆ. ಹೊಸದನ್ನು ಕೊಳ್ಳಲೇ ಅಥವಾ 48 ವೋಲ್ಟ್ ಕೊಟ್ಟು ನೋಡಲೇ?
— ಓದುಗರು, ಸಾಗರ ತಾಲ್ಲೂಕು

ಉತ್ತರ: ಸದ್ಯಕ್ಕೆ ಎರಡೂ ಬೇಡ. ನಿಮ್ಮ ಪತ್ರದಲ್ಲಿಯೇ ಮೂರು ಸುಳಿವುಗಳಿವೆ: ತೊಂದರೆ ಇರುವುದು ಮರಳುವಾಗ ಮಾತ್ರ, ಶುರುವಾದದ್ದು ಮಳೆಯ ನಂತರ, ಹೆಚ್ಚುವುದು ಸಂಜೆ. ಮೋಟರೇ ಸುಟ್ಟಿದ್ದರೆ ಅದು ಹೊತ್ತು ನೋಡಿ ತಿಣುಕುತ್ತಿರಲಿಲ್ಲ.

ಮೊದಲು ಮರಳುವ ದಿಕ್ಕಿನ ವಿಷಯ. ಪೋಲಾರ್ ಮೌಂಟಿನ ಅಚ್ಚು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು. ನಿಮ್ಮ ಊರು ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಆ ಅಚ್ಚು ನೆಲಮಟ್ಟದಿಂದ ಕೇವಲ 14 ಡಿಗ್ರಿಯಷ್ಟು ಎದ್ದಿರುತ್ತದೆ, ಅಂದರೆ ಹೆಚ್ಚುಕಡಿಮೆ ಮಲಗಿಯೇ ಇರುತ್ತದೆ. 52 ಡಿಗ್ರಿ ಅಕ್ಷಾಂಶದ ಆಮ್‌ಸ್ಟರ್‌ಡ್ಯಾಮಿನಲ್ಲಿ ಇದೇ ಅಚ್ಚು ಕಡಿದಾಗಿ ನಿಲ್ಲುವುದರಿಂದ ಡಿಶ್ ಬಾಗಿಲಿನಂತೆ ಪಕ್ಕಕ್ಕೆ ತಿರುಗುವ ಅಂಶ ಹೆಚ್ಚು. ನಮ್ಮಲ್ಲಿ ಅದು ಪೆಟ್ಟಿಗೆಯ ಮುಚ್ಚಳದಂತೆ ಏಳುತ್ತದೆ, ಬೀಳುತ್ತದೆ. ಪೂರ್ವಕ್ಕೆ ಹೋಗುವಾಗ ಡಿಶ್ಶಿನ ತೂಕವೇ ಮೋಟರಿಗೆ ನೆರವಾಗುತ್ತದೆ, ಮರಳುವಾಗ ಅಷ್ಟೂ ತೂಕವನ್ನು ಮೋಟರ್ ಎತ್ತಬೇಕು. ಬೇರೆ ದೇಶಗಳಿಗಾಗಿ ಬರೆದ ಕೈಪಿಡಿಗಳಲ್ಲಿ ಈ ಮಾತಿಗೆ ಒತ್ತು ಸಿಗುವುದು ಕಡಿಮೆ. ಕರ್ನಾಟಕದಲ್ಲಿ ಡಿಶ್ ತಿರುಗಿಸುವವರು ಮಾತ್ರ ಇದನ್ನು ಮೊದಲು ತಿಳಿದುಕೊಳ್ಳಬೇಕು.

ಲೆಕ್ಕವನ್ನೂ ನೋಡೋಣ. ನಿಮ್ಮ ಊರಿನಿಂದ 105.5 ಡಿಗ್ರಿಯ ಉಪಗ್ರಹಕ್ಕೆ ತಿರುಗಿದಾಗ ಡಿಶ್ ತನ್ನ ನಡುನೆಲೆಯಿಂದ ಸುಮಾರು 35 ಡಿಗ್ರಿ ವಾಲಿರುತ್ತದೆ. 83 ಡಿಗ್ರಿಯಲ್ಲಿ ಸುಮಾರು 9 ಡಿಗ್ರಿ ಮಾತ್ರ. ಡಿಶ್, ಅದರ ಚೌಕಟ್ಟು ಮತ್ತು ಸಂಕೇತ ಹಿಡಿಯುವ ಎಲ್‌ಎನ್‌ಬಿ ಸೇರಿ 30 ಕಿಲೋ ಎಂದೂ ಆ ತೂಕದ ಕೇಂದ್ರ ಅಚ್ಚಿನಿಂದ 30 ಸೆಂಟಿಮೀಟರ್ ದೂರದಲ್ಲಿದೆ ಎಂದೂ ಹಿಡಿದರೆ, ಪೂರ್ವದ ತುದಿಯಲ್ಲಿ ಅಚ್ಚಿನ ಸುತ್ತ ಸುಮಾರು 50 ನ್ಯೂಟನ್-ಮೀಟರ್ ತಿರುಚುಬಲ ಬೇಕಾಗುತ್ತದೆ, 83ಕ್ಕೆ ಬರುವಷ್ಟರಲ್ಲಿ ಅದು ಮೂರೂವರೆ ಪಟ್ಟು ಕಡಿಮೆಯಾಗಿರುತ್ತದೆ. ಮೋಟರ್ ಆರಂಭದಲ್ಲೇ ನಿಲ್ಲುವುದಕ್ಕೂ, ನೀವು ಸ್ವಲ್ಪ ಎತ್ತಿಕೊಟ್ಟರೆ ಹೊರಡುವುದಕ್ಕೂ ಕಾರಣ ಇದೇ. ಇದರ ಜೊತೆಗೆ ಆಕ್ಚುವೇಟರಿನ ತೋಳು ತುದಿಯಲ್ಲಿ ಅಚ್ಚಿಗೆ ತೀರ ಹತ್ತಿರ ಸರಿದರೆ ಸನ್ನೆಯ ಅನುಕೂಲವೂ ಕೈತಪ್ಪುತ್ತದೆ: 20 ಸೆಂಟಿಮೀಟರ್ ಅಂತರದಲ್ಲಿ 25 ಕಿಲೋ ತಳ್ಳಿದರೆ ಸಾಕಾಗುವ ಕಡೆ, 10 ಸೆಂಟಿಮೀಟರಿಗೆ ಇಳಿದರೆ 50 ಕಿಲೋ ತಳ್ಳಬೇಕು.

ಆದರೆ ಈ ತೂಕ ಕಳೆದ ಬೇಸಿಗೆಯಲ್ಲಿಯೂ ಇಷ್ಟೇ ಇತ್ತು, ಆಗ ಮೋಟರ್ ಅದನ್ನು ಎತ್ತುತ್ತಿತ್ತು. ಹಾಗಾಗಿ ನಾವು ಹುಡುಕಬೇಕಾದದ್ದು ಅಂದಿನಿಂದ ಇಂದಿಗೆ ಬದಲಾದದ್ದೇನು ಎಂಬುದನ್ನು.

ಬೆಳಿಗ್ಗೆ ಗಾಳಿಯಿಲ್ಲದ ಹೊತ್ತಿನಲ್ಲಿ, ಪೆಟ್ಟಿಗೆಯ ಪ್ಲಗ್ ಕಿತ್ತು ತಾರಸಿಗೆ ಹೋಗಿ. ಡಿಶ್ಶನ್ನು ಎರಡೂ ಬದಿಗೆ ಗಟ್ಟಿ ಹಗ್ಗದಿಂದ ಬಿಗಿದು, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡೇ ಆಕ್ಚುವೇಟರಿನ ತೋಳಿನ ತುದಿಯ ಬೋಲ್ಟ್ ಬಿಚ್ಚಬೇಕು. ಹಗ್ಗವಿಲ್ಲದೆ ಬಿಚ್ಚಿದರೆ ಅಷ್ಟು ಭಾರವೂ ಒಮ್ಮೆಲೇ ಬೀಳುತ್ತದೆ, ಕೈಯೋ ತಲೆಯೋ ಅಡ್ಡ ಬಂದರೆ ಅನಾಹುತವೇ ಆದೀತು; ದಯವಿಟ್ಟು ಈ ಎಚ್ಚರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಿಚ್ಚಿದ ಮೇಲೆ ಇಬ್ಬರೂ ಸೇರಿ ಡಿಶ್ಶನ್ನು ಕೈಯಿಂದ ನಿಧಾನವಾಗಿ ಆಚೀಚೆ ವಾಲಿಸಿ. ತೂಕದ ಭಾರ ತಿಳಿಯುತ್ತದೆ, ಅದು ಸಹಜ. ಆದರೆ ಅಚ್ಚಿನಲ್ಲಿ ಕಿರುಗುಟ್ಟುವ ಸದ್ದು, ತಡೆತಡೆದು ಜಾರುವ ಅನುಭವ, ಅಥವಾ ಕೈಬಿಟ್ಟ ಜಾಗದಲ್ಲೇ ಡಿಶ್ ನಿಂತುಬಿಡುವುದು ಕಂಡರೆ ಅಚ್ಚು ತಿರುಗುವ ಬಳೆಗಳಾದ ಬುಷ್‌ಗಳಿಗೆ ತುಕ್ಕು ಹಿಡಿದಿದೆ ಎಂದೇ ಅರ್ಥ. ಮಲೆನಾಡಿನ ಮಳೆಯಲ್ಲಿ ತಿಂಗಳುಗಟ್ಟಲೆ ನೆನೆದ ಕಬ್ಬಿಣಕ್ಕೆ ಇದು ಆಗದಿದ್ದರೆ ಆಶ್ಚರ್ಯ. ಅಚ್ಚಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ, ತುಕ್ಕನ್ನು ಮರಳುಕಾಗದದಿಂದ ಉಜ್ಜಿ, ದಪ್ಪ ಗ್ರೀಸ್ ತುಂಬಿ, ಅಲುಗಾಟವಿಲ್ಲದಷ್ಟು ಮಾತ್ರ ಬಿಗಿಯಿರಿ. ತೆಂಗಿನೆಣ್ಣೆ, ಸೈಕಲ್ ಎಣ್ಣೆ ಬೇಡ, ಅವು ಎರಡೇ ಮಳೆಗೆ ತೊಳೆದುಹೋಗುತ್ತವೆ.

ಡಿಶ್ ಹಗುರವಾಗಿಯೇ ತಿರುಗಿದರೆ ಆಕ್ಚುವೇಟರನ್ನು ಒಂಟಿಯಾಗಿ ಓಡಿಸಿ ನೋಡಿ. ತೋಳಿನ ತುದಿಯನ್ನು ತಿರುಗದಂತೆ ತಡೆಯಬೇಕು, ಇಲ್ಲದಿದ್ದರೆ ಒಳಗಿನ ಕೊಳವೆ ಸ್ಕ್ರೂವಿನ ಜೊತೆಗೇ ಸುತ್ತುತ್ತದೆ, ಚಾಚುವುದಿಲ್ಲ. ಈಗ ಹೊರೆಯಿಲ್ಲದಿರುವಾಗ ಎರಡೂ ದಿಕ್ಕಿನಲ್ಲಿ ಸದ್ದು ಒಂದೇ ತೆರನಾಗಿರಬೇಕು. ಮಲ್ಟಿಮೀಟರನ್ನು 10 ಆಂಪಿಯರ್ ನೆಲೆಗಿಟ್ಟು ವೈರಿನ ಸರಣಿಯಲ್ಲಿ ಜೋಡಿಸಿ ಅಳೆದರೆ ಸಾಮಾನ್ಯವಾಗಿ ಒಂದು ಆಂಪಿಯರಿಗಿಂತ ಕಡಿಮೆ ತೋರಿಸಬೇಕು. ಕರೆಂಟ್ ಹೆಚ್ಚು ಎಳೆದೂ ನಿಧಾನವಾಗಿ ಓಡಿದರೆ ಕೊಳವೆಯೊಳಗೆ ನೀರು ಸೇರಿ ಗ್ರೀಸ್ ಮಜ್ಜಿಗೆಯಂತೆ ಬೆಳ್ಳಗಾಗಿರುವ ಸಾಧ್ಯತೆ ಹೆಚ್ಚು. ಕೊಳವೆ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ ಲಿಥಿಯಂ ಗ್ರೀಸ್ ಹಚ್ಚಿ. ಮುಚ್ಚಿಹೋಗಿರುವ ನೀರಿಳಿಯುವ ರಂಧ್ರವನ್ನು ತೆರೆದು, ಅದು ನೆಲದ ಕಡೆಗೇ ಮುಖಮಾಡುವಂತೆ ಜೋಡಿಸಬೇಕು. ಇದಕ್ಕೆ ವಿರುದ್ಧವಾಗಿ ಕರೆಂಟ್ ತೀರ ಕಡಿಮೆ ಇದ್ದು, ಎದುರೊತ್ತಿದ ತಕ್ಷಣ ಮೋಟರ್ ಸೋತರೆ ಇಂಗಾಲದ ಬ್ರಶ್‌ಗಳು ಸವೆದಿವೆ, ಅವನ್ನಷ್ಟೇ ಬದಲಿಸಬಹುದು.

ಇನ್ನು ಸಂಜೆಯ ಸುಳಿವು. ಪೊಸಿಷನರ್ ಪೆಟ್ಟಿಗೆಯ ಹಿಂಭಾಗದಲ್ಲಿ ಹೊರೆಯಿಲ್ಲದೆ ಅಳೆದ 36 ವೋಲ್ಟ್ ಏನನ್ನೂ ಹೇಳುವುದಿಲ್ಲ. ಅಳೆಯಬೇಕಾದದ್ದು ಡಿಶ್ ಎತ್ತುತ್ತಿರುವಾಗ, ಮೋಟರಿನ ತುದಿಗಳಲ್ಲಿಯೇ. ನಿಮ್ಮ ವೈರ್ 0.5 ಚದರ ಮಿಲಿಮೀಟರಿನದಾಗಿದ್ದರೆ ಹೋಗಿಬರುವ 70 ಮೀಟರಿಗೆ ತಡೆ ಸುಮಾರು 2.4 ಓಮ್, 3 ಆಂಪಿಯರ್ ಹರಿದಾಗ 7 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಸಂಜೆ ಊರಿಗೆಲ್ಲ ದೀಪ ಹತ್ತಿ ಮನೆಯ ವೋಲ್ಟೇಜ್ 180ಕ್ಕೆ ಇಳಿದರೆ, ಸಾದಾ ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆ 36ರ ಬದಲು 28 ವೋಲ್ಟ್ ಕೊಡುತ್ತದೆ. ವೈರಿನ ನಷ್ಟ ಕಳೆದರೆ ಮೋಟರಿಗೆ ಉಳಿಯುವುದು 21. ತುಕ್ಕು ಹಿಡಿದ ಅಚ್ಚಿನ ಮೇಲೆ 30 ಕಿಲೋ ಎತ್ತಲು ಅದು ಸಾಲದು. ವೈರನ್ನು 1.5 ಚದರ ಮಿಲಿಮೀಟರ್ ತಾಮ್ರಕ್ಕೆ ಬದಲಿಸಿದರೆ ದಾರಿಯ ನಷ್ಟ ಎರಡೂವರೆ ವೋಲ್ಟಿಗೆ ಇಳಿಯುತ್ತದೆ, ಪೆಟ್ಟಿಗೆಗೊಂದು ಸ್ಟೆಬಿಲೈಸರ್ ಕೊಟ್ಟರೆ ಸಂಜೆಯ ಕೊರತೆಯೂ ನೀಗುತ್ತದೆ. ಬಿಸಿಲಿನಲ್ಲಿರುವ ಜೋಡಣೆಗಳಲ್ಲಿ ಹಸಿರುಗಟ್ಟಿದ ತಾಮ್ರವಿದ್ದರೆ ಕತ್ತರಿಸಿ ಹೊಸದಾಗಿ ಬೆಸೆಯಿರಿ.

48 ವೋಲ್ಟ್ ಕೊಟ್ಟರೆ ಕೆಲವು ದಿನ ಓಡೀತು. ಆದರೆ ಅಡ್ಡಿ ಎಲ್ಲಿದೆಯೋ ಅಲ್ಲಿಯೇ ಉಳಿದು, ಹೆಚ್ಚಿನ ಬಲವೆಲ್ಲ ಗೇರುಗಳ ಹಲ್ಲುಗಳ ಮೇಲೆ ಬೀಳುತ್ತದೆ. ಆ ದಾರಿ ಖಂಡಿತ ಬೇಡ.

ಮೋಟರ್ ತಿಣುಕದೆ, ಒಳ್ಳೆಯ ಸದ್ದಿನಲ್ಲಿಯೇ ಓಡುತ್ತ ಕೆಲವು ಸೆಕೆಂಡುಗಳಲ್ಲಿ ಥಟ್ಟನೆ ನಿಲ್ಲುವುದು ಬೇರೆಯದೇ ದೋಷ: ಸುತ್ತುಗಳನ್ನು ಎಣಿಸುವ ರೀಡ್ ಸ್ವಿಚ್ ಕೆಟ್ಟಾಗ, ಮೋಟರ್ ಸಿಕ್ಕಿಕೊಂಡಿದೆ ಎಂದು ತಿಳಿದು ಪೆಟ್ಟಿಗೆ ತಾನಾಗಿಯೇ ಕರೆಂಟ್ ಕಡಿಯುತ್ತದೆ. ನಿಮ್ಮದು ಅದಲ್ಲ ಎಂದು ನಿಮ್ಮ ವಿವರಣೆಯಿಂದ ತೋರುತ್ತದೆ.

ಎಲ್ಲವೂ ಸರಿಯಾದ ಮೇಲೂ ಭಾರ ಎನಿಸಿದರೆ ಅಚ್ಚಿನ ಕೆಳಬದಿಗೆ, ಡಿಶ್ಶಿನ ಎದುರು ದಿಕ್ಕಿನಲ್ಲಿ ಒಂದು ಕಬ್ಬಿಣದ ಪಟ್ಟಿ ಚಾಚಿ ಸಮತೂಕ ಕಟ್ಟಿಸಬಹುದು. ಮಲಗಿದ ಅಚ್ಚಿನ ನಮ್ಮ ಅಕ್ಷಾಂಶದಲ್ಲಿ ಇದರಷ್ಟು ಪ್ರಯೋಜನ ಕೊಡುವ ಅಗ್ಗದ ಉಪಾಯ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ನನ್ನದು 90 ಸೆಂಟಿಮೀಟರ್ ಡಿಶ್, ರಿಸೀವರಿನ ಕೇಬಲ್ಲಿನಿಂದಲೇ ನಡೆಯುವ ಡೈಸೆಕ್ ಮೋಟರ್ ಇದೆ. ಕೆಲವೊಮ್ಮೆ ಅರ್ಧದಲ್ಲಿ ನಿಲ್ಲುತ್ತದೆ, ಆಗ ರಿಸೀವರ್ ಕೂಡ ಆರಿ ಹತ್ತುತ್ತದೆ. ಇದಕ್ಕೂ ಗ್ರೀಸ್ ಬೇಕೇ?
— ಓದುಗರು, ಬೆಂಗಳೂರು

ಉತ್ತರ: ಗ್ರೀಸಿಗಿಂತ ಮೊದಲು ಕೇಬಲ್ ನೋಡಿ. ಈ ಮೋಟರಿಗೆ ಬರುವುದು 13 ಅಥವಾ 18 ವೋಲ್ಟ್ ಮಾತ್ರ, ಅದೂ ಎಲ್‌ಎನ್‌ಬಿಯ ಜೊತೆ ಹಂಚಿಕೊಂಡು. ರಿಸೀವರ್ ಆರಿ ಹತ್ತುತ್ತದೆ ಎಂದರೆ ಅದು ಕೊಡಬಲ್ಲದ್ದಕ್ಕಿಂತ ಹೆಚ್ಚು ಕರೆಂಟನ್ನು ಏನೋ ಎಳೆಯುತ್ತಿದೆ. ಕೇಬಲ್ಲಿನ ತುದಿಗಳಲ್ಲಿರುವ ಎಫ್ ಕನೆಕ್ಟರುಗಳನ್ನು ಬಿಚ್ಚಿ, ಹೊರಗಿನ ಹೆಣಿಗೆಯ ಒಂದು ಎಳೆಯಾದರೂ ನಡುತಂತಿಗೆ ತಾಗಿದೆಯೇ, ಒಳಗೆ ನೀರಿನ ಕಲೆಯಿದೆಯೇ ಎಂದು ಪರೀಕ್ಷಿಸಿ. ನಡುತಂತಿಯನ್ನು ಚಾಕುವಿನಿಂದ ಕೆರೆದಾಗ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಉಕ್ಕು. ಮೋಟರ್ ಇರುವ ಕಡೆ ಅಪ್ಪಟ ತಾಮ್ರದ ಕೇಬಲ್ಲನ್ನೇ ಎಳೆಸಿ. ಆಮೇಲೂ ನಿಂತರೆ ಡಿಶ್ಶನ್ನು ಮೋಟರಿನ ಕೊಳವೆಯಿಂದ ಇಳಿಸಿ, ಖಾಲಿ ಮೋಟರನ್ನು ತುದಿಯಿಂದ ತುದಿಗೆ ಓಡಿಸಿ. ಖಾಲಿಯಿದ್ದಾಗಲೂ ಅದೇ ಜಾಗದಲ್ಲಿ ನಿಂತರೆ ಗೇರಿನ ಹಲ್ಲು ಮುರಿದಿದೆ, ಆಗ ಮಾತ್ರ ಮೋಟರ್ ಬದಲಿಸಿ.